ಪುಂಡು ರಿಯಾಕ್ಟರ್ ಕಾಯ್ದದ್ದು

ಕೇಳುವವರು ಕಾಲು ಚಾಚಿ ಕೂತುಕೊಳ್ಳಿ. ಅವಸರದ ಕತೆ ಅಲ್ಲ ಇದು.

ಅಂಕೋಲೆಯ ಮೀನುಪೇಟೆಯಲ್ಲಿ ಮಾದೇವಿ ಅಂತ ಒಬ್ಬಳು ಮೀನು ಮಾರುತ್ತಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ. ಹೆಸರು ಪುಂಡಲೀಕ, ಕರೆಯುವುದು ಪುಂಡು. ಹೆಸರಿನಲ್ಲಿದ್ದ ಪುಂಡತನ ಆಸಾಮಿಯಲ್ಲಿ ಸಾಸಿವೆಕಾಳಿನಷ್ಟೂ ಇರಲಿಲ್ಲ. ಆಳು ನೋಡಿದರೆ ತೆಂಗಿನ ಮರ, ಮನಸ್ಸು ನೋಡಿದರೆ ಎಳನೀರು. ಸುಳ್ಳು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ ಹಾಗೆ ಅಂದರೆ ಹೇಳಿದ ಹಾಗೇ.

ಒಲೆ ಮೇಲೆ ಹಾಲಿಟ್ಟಿದ್ದೇನೆ, ಉಕ್ಕಿದರೆ ನೋಡು ಅಂತ ಹೇಳಿ ಮಾದೇವಿ ಬಾವಿಕಟ್ಟೆಗೆ ಹೋದಳು. ಹಾಲು ಉಕ್ಕಿತು, ಅವನು ನೋಡಿದ. ಒಲೆಯೆಲ್ಲ ಹಾಲಾದ ಮೇಲೆ ಬಂದವಳಿಗೆ, ಚಂದ ಉಕ್ಕಿತು ಅವ್ವ, ಪೂರ್ತಿ ನೋಡಿದೆ ಅಂದ. ಅಂಗಳದಲ್ಲಿ ಒಣಮೀನು ಹರಡಿ, ಕಾಗೆ ಬಂದರೆ ಓಡಿಸು ಅಂದಳು. ಕಾಗೆ ಬರಲಿಲ್ಲ, ಬೆಕ್ಕು ಬಂತು. ಬೆಕ್ಕಿನ ಸುದ್ದಿ ಯಾರೂ ಹೇಳಿರಲಿಲ್ಲ. ಬೆಕ್ಕು ಹೊಟ್ಟೆತುಂಬ ತಿಂದು ಮೀಸೆ ಒರೆಸಿಕೊಂಡು ಹೋಗುವ ತನಕ ಪುಂಡು ಕೋಲು ಹಿಡಿದು ಆಕಾಶ ನೋಡುತ್ತ ಕೂತಿದ್ದ.

ಮಾದೇವಿ ಹಣೆ ಹಣೆ ಬಡಿದುಕೊಂಡಳು. ನಾನು ಇರುವ ತನಕ ಸರಿ, ನಾನು ಹೋದ ಮೇಲೆ ಇವನಿಗೆ ಒಂದು ತುತ್ತು ಅನ್ನ ಹುಟ್ಟುವುದು ಹೇಗೆ ಅಂತ ಅವಳಿಗೆ ಅದೊಂದೇ ಚಿಂತೆ.

ಪೇಟೆಯಲ್ಲಿ ಹಲ್ಲಿನ ಡಾಕ್ಟ್ರಮ್ಮ ಒಬ್ಬರಿದ್ದರು, ವಸುಧಾ ರೇವಣಕರ ಅಂತ. ತಲೆ ಹಣ್ಣಾದ ಹೆಂಗಸು. ಮಾದೇವಿ ಅವರ ಮನೆಗೆ ಮೀನು ಕೊಡುತ್ತಿದ್ದಳು. ಮನೆಯ ಮುಂಭಾಗದಲ್ಲೇ ದವಾಖಾನೆ. ರೋಗಿಗಳು ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಗಾಜಿನ ತೊಟ್ಟಿ, ಅದರ ತುಂಬ ಸಮುದ್ರದ ಉಪ್ಪುನೀರು. ಅದರಲ್ಲಿ ಬಿಳಿಪಟ್ಟೆಯ ಕೇಸರಿ ಮೀನಿನ ಒಂದು ಜೋಡಿ, ಕಲ್ಲುಗಳ ಮೇಲೆ ಹೂವಿನ ಹಾಗೆ ಅರಳುವ ಜೀವಂತ ಹವಳ. ಹಲ್ಲುನೋವಿನಿಂದ ಕಣ್ಣೀರಿಡುತ್ತ ಬಂದವರು ಆ ತೊಟ್ಟಿಯ ಮುಂದೆ ಕೂತರೆ ನೋವು ಮರೆಯುತ್ತಿದ್ದರು. ಅಂಥ ತೊಟ್ಟಿಗೆ ಹಸಿರು ಪಾಚಿ ಹಿಡಿಯಿತು. ಎಷ್ಟು ಕೆರೆದರೂ ಮತ್ತೆ ಬರುತ್ತಿತ್ತು. ಹವಳ ಒಂದೊಂದಾಗಿ ಮುದುಡತೊಡಗಿತು. ಡಾಕ್ಟ್ರಮ್ಮನಿಗೆ ಊಟ ರುಚಿಸದಾಯಿತು.

ಮಂಗಳೂರಿನ ಮೀನುತೊಟ್ಟಿ ಅಂಗಡಿಯವನು, ಮೀನಿಗೆ ಹಾಕುವ ತಿಂಡಿಯೇ ನೀರಲ್ಲಿ ಕರಗಿ ಪಾಚಿಗೆ ಗೊಬ್ಬರ ಆಗುತ್ತಿದೆ, ಇದಕ್ಕೆ ಮೀಡಿಯಾ ರಿಯಾಕ್ಟರ್ ಕೂರಿಸಬೇಕು ಅಂತ ಹೇಳಿ ಒಂದು ಪೆಟ್ಟಿಗೆ ಕಳಿಸಿದ. ಅದನ್ನು ಕೂರಿಸಿ ನೋಡಿಕೊಳ್ಳಲು ಒಬ್ಬ ಆಳು ಬೇಕಿತ್ತು, ಯಾಕೆಂದರೆ ಡಾಕ್ಟ್ರಮ್ಮನ ಕೈ ದಿನವಿಡೀ ಯಾರದೋ ಬಾಯೊಳಗೆ. ಮಾದೇವಿ ಬಾಗಿಲಲ್ಲಿ ಬುಟ್ಟಿ ಇಳಿಸಿದವಳೇ ನನ್ನ ಮಗ ಇದ್ದಾನಲ್ಲ ಅಂದಳು. ಅಂದ ಮೇಲೆ ರಿಯಾಕ್ಟರ್ ಅನ್ನುವ ಮಾತು ಅವಳ ತಲೆಗೆ ಹೋಯಿತು. ಆ ಸೀಮೆಯಲ್ಲಿ ರಿಯಾಕ್ಟರ್ ಅಂದರೆ ಕೈಗಾದ ಅಣುಸ್ಥಾವರ. ಅಂಥದ್ದನ್ನು ಪುಂಡುವಿನ ಕೈಗೆ ಕೊಟ್ಟರೆ ಅಂಕೋಲೆ ಉಳಿದೀತೇ ಅಂತ ಹೆದರಿದಳು. ಡಾಕ್ಟ್ರಮ್ಮ ನಕ್ಕು ಪೆಟ್ಟಿಗೆ ತೆರೆದು ತೋರಿಸಿದರು. ತೋಳಿನಷ್ಟು ದಪ್ಪದ ಒಂದು ಪಾರದರ್ಶಕ ಕೊಳವೆ. ಒಳಗೆ ಕೆಳಗೊಂದು ಸ್ಪಂಜು, ಮೇಲೊಂದು ಸ್ಪಂಜು. ನಡುವೆ ತುಕ್ಕಿನ ಬಣ್ಣದ ಸಣ್ಣ ಕಾಳು ತುಂಬಬೇಕು. ಪುಟ್ಟ ಪಂಪು ತೊಟ್ಟಿಯ ನೀರನ್ನು ಕೊಳವೆಯ ತಳಕ್ಕೆ ನೂಕುತ್ತದೆ, ನೀರು ಕಾಳಿನ ಸಂದಿಯಿಂದ ಮೇಲೇರುತ್ತದೆ, ಕಾಳು ಪಾಚಿಯ ಗೊಬ್ಬರವನ್ನು ಹೀರಿಕೊಳ್ಳುತ್ತದೆ, ಶುದ್ಧ ನೀರು ವಾಪಸು ತೊಟ್ಟಿಗೆ. ಅಷ್ಟೇ. ಮಾದೇವಿಗೆ ಉಸಿರು ಬಂತು.

ಮೊದಲನೇ ದಿನ ಡಾಕ್ಟ್ರಮ್ಮ ಪುಂಡುವಿನ ಕೈಗೆ ಕಾಳಿನ ಡಬ್ಬಿ ಕೊಟ್ಟು, ಇದರಲ್ಲಿ ಧೂಳಿರುತ್ತದೆ, ನೀರು ತಿಳಿಯಾಗುವ ತನಕ ತೊಳಿ ಅಂದರು. ಪುಂಡು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕಾಳು ಸುರಿದು ತೊಳೆಯಲು ಕೂತ. ಕೆಂಪುನೀರು ಹೋಯಿತು. ತಿಕ್ಕಿದ, ಮತ್ತೂ ಕೆಂಪು. ಇನ್ನೂ ತಿಕ್ಕಿದ, ಇನ್ನೂ ಕೆಂಪು. ಆ ಕಾಳು ಬೆರಳಿಗೆ ಪುಡಿಯಾಗುವ ಜಾತಿಯದು. ಅವನು ಬಿಡುವ ಜಾತಿಯವನಲ್ಲ. ಕೊನೆಗೆ ನೀರು ತಿಳಿಯಾಯಿತು. ಕಲ್ಲಿನ ಮೇಲೆ ಒಂದು ಕಾಳೂ ಇರಲಿಲ್ಲ. ಒಳಗೆ ಬಂದು, ನೀರು ಕನ್ನಡಿ ಆಗಿದೆ ಬಂದು ನೋಡಿ ಡಾಕ್ಟ್ರಮ್ಮ ಅಂದ. ಆ ದಿನ ಅವರು ನಕ್ಕುಬಿಟ್ಟರು. ಇನ್ನೊಂದು ಡಬ್ಬಿ ಇತ್ತು.

ಮಾದೇವಿ ನಗಲಿಲ್ಲ. ಮನೆಗೆ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದಳು. "ಹೇಳಿದ ಹಾಗೇ ಮಾಡಿದೆನಲ್ಲ ಅವ್ವ" ಅಂದ ಅವನು. ಅವಳು ಹಣೆ ಬಡಿದುಕೊಂಡು ಬುದ್ಧಿ ಹೇಳಿದಳು: ತೊಳೆಯುವುದು ಅಂದರೆ ಜರಡಿಯಲ್ಲಿ ಹಾಕಿ ಮೆಲ್ಲಗೆ ತೊಳೆಯಬೇಕು. ಜರಡಿಯಲ್ಲಿ ನಿಂತದ್ದನ್ನು ಇಟ್ಟುಕೊಳ್ಳಬೇಕು, ನೀರನ್ನು ಚೆಲ್ಲಬೇಕು. ಇನ್ನು ಮುಂದೆ ನೆನಪಿಟ್ಟುಕೋ. ಪುಂಡು ತಲೆಯಾಡಿಸಿ ನೆನಪಿಟ್ಟುಕೊಂಡ.

ಎರಡನೇ ಡಬ್ಬಿಯ ಕಾಳನ್ನು ಡಾಕ್ಟ್ರಮ್ಮ ತಾವೇ ತೊಳೆದಿಟ್ಟರು. ತೊಟ್ಟಿಯ ಹಳೆಯ ನೀರು ಸ್ವಲ್ಪ ತೆಗೆದು ಹೊಸ ನೀರು ಹಾಕಬೇಕಿತ್ತು. ಪುಂಡುವಿಗೆ ಕ್ಯಾನು ಕೊಟ್ಟು, ಬೇಲೆಕೇರಿಯಲ್ಲಿ ಯಾರದಾದರೂ ದೋಣಿ ಹತ್ತಿ ದೂರ ಹೋಗಿ ಒಳ್ಳೆಯ ಸಮುದ್ರದ ನೀರು ತಾ, ಕಸ ಬಾರದ ಹಾಗೆ ಜರಡಿ ಹಿಡಿ ಅಂದರು. ಜರಡಿ ಅಂದದ್ದೇ ತಡ, ಅವ್ವನ ಮಾತು ನೆನಪಿಗೆ ಬಂತು. ಬೆಳಿಗ್ಗೆ ಹೋದವನು ಮಧ್ಯಾಹ್ನ ಬೆವರು ಸುರಿಸುತ್ತ ಬಂದ. ಕ್ಯಾನು ಖಾಲಿ. ಜರಡಿಯಲ್ಲಿ ಎರಡು ಏಡಿಮರಿ, ಒಂದು ಹಿಡಿ ಮರಳು, ಯಾರೋ ಎಸೆದ ಬಾಚಣಿಗೆಯ ತುಂಡು. ನಿಂತದ್ದನ್ನು ಇಟ್ಟುಕೊಂಡು ನೀರನ್ನು ಚೆಲ್ಲಿ ಬಂದಿದ್ದ. ದೋಣಿಯವನು ಪೇಟೆಗೆಲ್ಲ ಹೇಳಿಕೊಂಡು ನಕ್ಕ. ಸಮುದ್ರದ ನೀರನ್ನು ಸಮುದ್ರಕ್ಕೆ ಸೋಸಿದವನು ಅಂತ ಪುಂಡುವಿಗೆ ಹೆಸರಾಯಿತು.

"ಹೇಳಿದ ಹಾಗೇ ಮಾಡಿದೆನಲ್ಲ ಅವ್ವ" ಅಂದ ಪುಂಡು. ಮಾದೇವಿ ಬೈದು ಬೈದು ಸುಸ್ತಾಗಿ ಹೊಸ ಬುದ್ಧಿ ಹೇಳಿದಳು: ನೀರು ಅಂದರೆ ಬಂಗಾರ ಅಂತ ತಿಳಿ. ಒಂದು ಹನಿ ಹೊರಗೆ ಹೋಗಬಾರದು. ಎಲ್ಲೆಲ್ಲಿ ಬಾಯಿ ಇದೆಯೋ ಅಲ್ಲಲ್ಲಿ ಗಟ್ಟಿಯಾಗಿ ಬಿರಟೆ ಬಡಿ. ಪುಂಡು ತಲೆಯಾಡಿಸಿದ.

ಮಾರನೇ ದಿನ ರಿಯಾಕ್ಟರ್ ಕೂರಿಸುವ ಕೆಲಸ. ಡಾಕ್ಟ್ರಮ್ಮ ಪಕ್ಕದಲ್ಲೇ ನಿಂತು ಮಾಡಿಸಿದರು. ಕೆಳಗಿನ ಸ್ಪಂಜು ಕೂತಿತು, ಅರ್ಧದಷ್ಟು ಕಾಳು ಬಿತ್ತು, ಮೇಲಿನ ಸ್ಪಂಜು ಕೂತಿತು, ಮುಚ್ಚಳ ತಿರುಗಿತು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಒಬ್ಬ ರೋಗಿ ಕೂಗಿದನೆಂದು ಅವರು ಒಳಗೆ ಹೋದರು. ಪುಂಡು ನೋಡಿದ, ಕೊಳವೆಯ ತಲೆಯ ಮೇಲೆ ನೀರು ಹೊರಗೆ ಹೋಗುವ ಒಂದು ಬಾಯಿ ತೆರೆದೇ ಇದೆ. ಒಂದು ಹನಿಯೂ ಹೊರಗೆ ಹೋಗಬಾರದಲ್ಲ. ತೆಂಗಿನ ನಾರು ಹೊಸೆದು ಬಿರಟೆ ಮಾಡಿ ಬಡಿದ. ಪಂಪು ಚಾಲು ಮಾಡಿದ. ನೀರು ಒಳಗೆ ಬಂತು, ಹೊರಗೆ ಹೋಗಲು ದಾರಿಯಿಲ್ಲ. ಕೊಳವೆ ಸ್ವಲ್ಪ ಹೊತ್ತು ಸಹಿಸಿತು. ಆಮೇಲೆ ಬಿರಟೆ ಹಾರಿ ಮಾಡಿನ ಹಂಚಿಗೆ ಬಡಿಯಿತು, ಹಿಂದೆಯೇ ಕಾರಂಜಿಯ ಹಾಗೆ ಕೆಂಪುನೀರು. ಎದುರು ಬೆಂಚಿನಲ್ಲಿ ಬಿಳಿ ಬಟ್ಟೆ ಹಾಕಿ ಕೆನ್ನೆ ಹಿಡಿದು ಕೂತಿದ್ದ ಪಂಚಾಯತಿ ಮೆಂಬರರು ಹೋಳಿ ಆಡಿದವರಂತೆ ಎದ್ದು ನಿಂತರು.

ಈ ಸಲ ಬೈದವರು ಡಾಕ್ಟ್ರಮ್ಮ. ಬೈದು, ಬಿಡಿಸಿ ಹೇಳಿದರು: ಮುಂದಿನಿಂದ ಒಳಗೆ ಬಂದದ್ದು ಹಿಂದಿನಿಂದ ಹೊರಗೆ ಹೋಗಲೇಬೇಕು ಪುಂಡು. ತಡೀಬಾರದು, ಮೆಲ್ಲಗೆ ಸಾಗಿಸ್ತಾ ಇರಬೇಕು. ಪುಂಡು ತಲೆಯಾಡಿಸಿದ. ಬಿರಟೆ ತೆಗೆದು ಮತ್ತೆ ಕೂರಿಸಿದ ಮೇಲೆ ರಿಯಾಕ್ಟರ್ ಚಂದ ಓಡಿತು.

ಮರುದಿನ ಬೆಳಿಗ್ಗೆ ಡಾಕ್ಟ್ರಮ್ಮ ಕೈತೊಳೆದು ಕುರ್ಚಿಯ ಪಕ್ಕ ನಿಂತು ಕಾಯ್ದರು. ಒಬ್ಬ ರೋಗಿಯೂ ಬರಲಿಲ್ಲ. ಸಂತೆಯ ದಿನ, ಹೊರಗೆ ಚಪ್ಪಲಿಯ ಸದ್ದು ಕೇಳುತ್ತಿತ್ತು, ಒಳಗೆ ಯಾರೂ ಇಲ್ಲ. ಹೊತ್ತೇರಿದ ಮೇಲೆ ಹೊರಗೆ ಬಂದು ನೋಡಿದರೆ, ಮುಂಬಾಗಿಲಿಂದ ಬಂದವರನ್ನು ಪುಂಡು ಹೆಗಲು ಹಿಡಿದು ಮೆಲ್ಲಗೆ, ತುಂಬ ಮರ್ಯಾದೆಯಿಂದ, ಹಿತ್ತಿಲ ಬಾಗಿಲಿಂದ ಹೊರಗೆ ಸಾಗಿಸುತ್ತಿದ್ದಾನೆ. ಹಿತ್ತಿಲಲ್ಲಿ ಕೆನ್ನೆ ಊದಿದವರ ಒಂದು ಜಾತ್ರೆ. ಕೆಲವರು ಮತ್ತೆ ಸುತ್ತಿ ಮುಂದಿನಿಂದ ಬರುತ್ತಿದ್ದರು, ಅವನು ಮತ್ತೆ ಸಾಗಿಸುತ್ತಿದ್ದ.

ಡಾಕ್ಟ್ರಮ್ಮ ಮಾದೇವಿಗೆ ಹೇಳಿಕಳಿಸಿದರು. ನಿನ್ನ ಮಗ ಒಳ್ಳೆಯವನೇ, ಆದರೆ ನನ್ನ ಕೈಯಲ್ಲಿ ಆಗುವುದಿಲ್ಲ ಅಂದರು. ಮಾದೇವಿ ಸೆರಗೊಡ್ಡಿ ಬೇಡಿಕೊಂಡಳು. ಊರಲ್ಲಿ ಅವನನ್ನು ಒಳಗೆ ಕರೆದವರು ನೀವೊಬ್ಬರೇ, ಇನ್ನೊಂದೇ ಸಲ ನೋಡಿ ಅಂದಳು. ಡಾಕ್ಟ್ರಮ್ಮ ತೊಟ್ಟಿಯ ಕಡೆ ನೋಡಿ, ಅವಳ ಕಡೆ ನೋಡಿ, ಆಯ್ತು ಅಂದರು. ದಾರಿಯುದ್ದಕ್ಕೂ ಮಾದೇವಿ ಮಗನಿಗೆ ಪಾಠ ಹೇಳಿದಳು: ಬಂದವರನ್ನು ಕೂರಿಸಬೇಕು. ಹಸಿವೆಯೋ ಬಾಯಾರಿಕೆಯೋ ಕೇಳಿ ಏನಾದರೂ ಕೊಡಬೇಕು. ಕೆಲಸ ಆಗುವ ತನಕ ಒಬ್ಬರನ್ನೂ ಕಳಿಸಬಾರದು.

ಅಂಥ ಹೊತ್ತಿನಲ್ಲೇ ಡಾಕ್ಟ್ರಮ್ಮ ಬೆಳಗಾವಿಗೆ ತಂಗಿಯ ಮಗಳ ಮದುವೆಗೆ ಹೋಗಬೇಕಾಯಿತು. ದವಾಖಾನೆಗೆ ಕುಮಟೆಯಿಂದ ಒಬ್ಬ ಎಳೆಯ ಡಾಕ್ಟರ್ ಬಂದು ಕೂರುವುದೆಂದು ಗೊತ್ತಾಯಿತು. ಆತನಿಗೆ ಹಲ್ಲು ಗೊತ್ತು, ತೊಟ್ಟಿ ಗೊತ್ತಿಲ್ಲ. ತೊಟ್ಟಿಗೆ ಪುಂಡುವೇ ಗತಿ. ಡಾಕ್ಟ್ರಮ್ಮ ಹೊರಡುವ ಮುಂಚೆ ಅವನನ್ನು ರಿಯಾಕ್ಟರ್ ಮುಂದೆ ನಿಲ್ಲಿಸಿ ಕೊಳವೆ ತೋರಿಸಿದರು. ನೀರಿನ ರಭಸ ಹೆಚ್ಚಾದರೆ ಕಾಳು ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟಿ ಗಾರೆ ಆಗುತ್ತದೆ. "ಅನ್ನ ಕುದಿಯುವಾಗ ಅಕ್ಕಿ ಹೇಗೆ ಮೆಲ್ಲಗೆ ಹೊರಳುತ್ತದೋ, ಈ ಕಾಳೂ ಹಾಗೇ ಹೊರಳ್ತಾ ಇರಬೇಕು. ನಲ್ಲಿ ತಿರುಗಿಸಿ ಸರಿ ಮಾಡಿಕೋ. ನಾ ಬರೋ ತನಕ ಹಾಗೇ ಇರಬೇಕು, ತಿಳೀತಾ?"

ತಿಳಿಯಿತು ಅಂದ ಪುಂಡು. ಬಾಗಿಲಲ್ಲಿ ನಿಂತಿದ್ದ ಮಾದೇವಿ ಅದನ್ನು ಕೇಳಿದಳು. ಅವನಿಗೆ ತಿಳಿಯಿತು ಅಂದರೆ ಅವಳಿಗೆ ಹೆದರಿಕೆ.

ಮರುದಿನ ವ್ಯಾಪಾರ ಮುಗಿಸಿ ನೋಡಲು ಹೋದಳು. ಕಾಯುವ ಕೋಣೆಯ ನಡುವೆ, ತೊಟ್ಟಿಯ ಪಕ್ಕದಲ್ಲಿ, ಪುಂಡು ಮನೆಯ ಸೀಮೆಎಣ್ಣೆ ಸ್ಟೋವ್ ತಂದಿಟ್ಟು ಅದರ ಮೇಲೆ ಪಾತ್ರೆಯಲ್ಲಿ ಕುಚ್ಚಲಕ್ಕಿ ಕುದಿಸುತ್ತಿದ್ದ. ಒಂದು ಸಲ ಪಾತ್ರೆ ನೋಡುವನು, ಒಂದು ಸಲ ಕೊಳವೆ ನೋಡುವನು, ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸುವನು. ಮತ್ತೆ ಪಾತ್ರೆ, ಮತ್ತೆ ಕೊಳವೆ. ಮಾದೇವಿ ಬೈಯಲು ಬಾಯಿ ತೆರೆದಳು. ಆಗ ಕೊಳವೆ ಕಂಡಿತು. ಒಳಗೆ ಕಾಳು ಅಕ್ಕಿಯ ಹಾಗೆಯೇ ಮೆತ್ತಗೆ, ಹದವಾಗಿ ಹೊರಳುತ್ತಿತ್ತು. ತೆರೆದ ಬಾಯಿ ಹಾಗೇ ಮುಚ್ಚಿದಳು.

ಅಕ್ಕಿ ಬೆಂದು ಗಂಜಿಯಾದರೆ ಏನು ಮಾಡುವುದು? ಬಂದವರಿಗೆ ಏನಾದರೂ ಕೊಡು ಅಂತ ಅವ್ವನೇ ಹೇಳಿದ್ದಾಳೆ. ಲೋಟದಲ್ಲಿ ಗಂಜಿ ಹಾಕಿ ಕೊಟ್ಟ. ಮತ್ತೆ ಹೊಸ ಅಕ್ಕಿ ಇಟ್ಟ. ಹಲ್ಲುನೋವೆಂದು ಹಿಂದಿನ ದಿನದಿಂದ ಉಪವಾಸ ಇದ್ದವರಿಗೆ ಆ ಬೆಚ್ಚನೆ ಗಂಜಿ ಅಮೃತವಾಯಿತು. ಎಳೆಯ ಡಾಕ್ಟರ್ ಮೊದಲು ಮುಖ ಸಿಂಡರಿಸಿದ, ಆಮೇಲೆ ತಾನೂ ಒಂದು ಲೋಟ ಕುಡಿದ. ಅಂಕೋಲೆಯ ಪೇಟೆಯಲ್ಲಿ, ಗಂಜಿ ಕೊಟ್ಟು ಹಲ್ಲು ಕೀಳುವ ದವಾಖಾನೆ ಅಂತ ಸುದ್ದಿಯಾಯಿತು.

ಹೀಗೆ ಚಂದ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಇಡೀ ಪೇಟೆಗೆ ಕರೆಂಟಿಲ್ಲ. ರಾತ್ರಿಯ ತನಕ ಬರುವುದಿಲ್ಲ ಅಂತ ಲೈನ್‌ಮನ್ ಹೇಳಿ ಹೋದ. ಸುದ್ದಿ ಕೇಳಿದ ಮಾದೇವಿ ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಓಡಿದಳು. ಪಂಪು ನಿಂತರೆ ನೀರಿಗೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಮೀನು ಸತ್ತಂತೆ ಅನ್ನುವುದು ಮೀನು ಮಾರುವವಳಿಗೆ ಗೊತ್ತಾಗದೆ ಇರುತ್ತದೆಯೇ.

ದವಾಖಾನೆಯ ಬಾಗಿಲಲ್ಲಿ ಅವಳು ಹಾಗೇ ನಿಂತಳು. ಎಳೆಯ ಡಾಕ್ಟರಿಗೆ ಕರೆಂಟಿಲ್ಲದೆ ಕೆಲಸವಿಲ್ಲ. ರೋಗಿಗಳು ಎದ್ದು ಹೋಗಲು ನೋಡಿದ್ದರು, ಆದರೆ ಕೆಲಸ ಆಗುವ ತನಕ ಒಬ್ಬರನ್ನೂ ಕಳಿಸಬಾರದಲ್ಲ, ಪುಂಡು ಬಾಗಿಲಿಗೆ ಬೆಂಚು ಅಡ್ಡ ಇಟ್ಟಿದ್ದ. ಇಟ್ಟು, ಎಲ್ಲರ ಕೈಗೂ ಒಂದೊಂದು ಚೊಂಬು ಕೊಟ್ಟಿದ್ದ. ಪಂಪಿನಿಂದ ಪೈಪು ಕಳಚಿ, ಅದರ ಬಾಯಿಗೆ ಸೀಮೆಎಣ್ಣೆಗೆ ತಂದಿದ್ದ ಹೊಸ ಲಾಳಿಕೆ ಸಿಕ್ಕಿಸಿ, ಎತ್ತರದ ಸ್ಟೂಲಿನ ಮೇಲೆ ತಾನು ನಿಂತಿದ್ದ. ಒಬ್ಬರು ತೊಟ್ಟಿಯಿಂದ ಚೊಂಬು ತುಂಬುವುದು, ಇನ್ನೊಬ್ಬರು ದಾಟಿಸುವುದು, ಪುಂಡು ಲಾಳಿಕೆಗೆ ಹೊಯ್ಯುವುದು. ನೀರು ಕೊಳವೆಯ ತಳಕ್ಕಿಳಿದು, ಕಾಳನ್ನು ಹೊರಳಿಸಿ, ಮೇಲೆ ಬಂದು, ತೊಟ್ಟಿಗೆ ಸುರಿಯುತ್ತಿತ್ತು. ಒಂದು ಕೈ ಕೆನ್ನೆಗೆ, ಒಂದು ಕೈ ಚೊಂಬಿಗೆ. ಪಂಚಾಯತಿ ಮೆಂಬರರೂ ಆ ಸಾಲಿನಲ್ಲಿದ್ದರು.

ಏನಪ್ಪ ಇದು ಅಂತ ಕೇಳಿದಳು ಮಾದೇವಿ.

"ಅನ್ನ ಕುದೀತಾ ಉಂಟು, ಕಾಳು ಕುದೀತಾ ಇಲ್ಲ ಅವ್ವ. ಎರಡೂ ಒಂದೇ ಹಾಗೆ ಇರಬೇಕಂತೆ."

ಹಾಗಿದ್ದರೆ ಸ್ಟೋವ್ ಆರಿಸು ಮಾರಾಯ, ಎರಡೂ ಒಂದೇ ಹಾಗೆ ಆಗುತ್ತದಲ್ಲ ಅಂದಳು ಅವಳು. ಪುಂಡು ಚೊಂಬು ಹಿಡಿದವನೇ ಯೋಚನೆ ಮಾಡಿದ. ಅನ್ನ ನಿಲ್ಲಿಸು ಅಂತ ಡಾಕ್ಟ್ರಮ್ಮ ಹೇಳಲಿಲ್ಲ, ಕಾಳು ಹೊರಳಿಸು ಅಂತ ಹೇಳಿದ್ದು ಅಂದ. ಮತ್ತೆ ಹೊಯ್ಯತೊಡಗಿದ.

ಮಾದೇವಿ ಬೆಂಚು ದಾಟಿ ತೊಟ್ಟಿಯ ಹತ್ತಿರ ಬಂದು ಬಗ್ಗಿ ನೋಡಿದಳು. ಬೆಳಿಗ್ಗೆ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದ ಮೀನುಗಳು ಈಗ ಕೆಳಗಿಳಿದಿವೆ ಅಂತ ಪಕ್ಕದ ಮುದುಕಿ ಹೇಳಿದಳು. ಎತ್ತರದಿಂದ ಬೀಳುವ ನೀರಿನ ಜೊತೆ ಗುಳ್ಳೆಗುಳ್ಳೆಯಾಗಿ ಗಾಳಿ ಒಳಗಿಳಿಯುತ್ತಿತ್ತು. ಮಾದೇವಿಯೂ ಸೀರೆ ಎತ್ತಿಕಟ್ಟಿ, ಒಂದು ಚೊಂಬು ಹಿಡಿದು, ಸಾಲಿನಲ್ಲಿ ನಿಂತಳು. ದಣಿದವರಿಗೆ ಗಂಜಿ, ಗಂಜಿ ಕುಡಿದವರಿಗೆ ಮತ್ತೆ ಚೊಂಬು. ಹೊತ್ತು ಮುಳುಗಿದ ಮೇಲೆ ಕರೆಂಟು ಬಂತು, ಫ್ಯಾನು ತಿರುಗಿತು. ಪುಂಡು ಪೈಪನ್ನು ಮತ್ತೆ ಪಂಪಿಗೆ ಸಿಕ್ಕಿಸಿದ. ಕಾಳು ತಾನಾಗಿ ಹೊರಳಿತು. ಯುದ್ಧ ಗೆದ್ದವರ ಹಾಗೆ ಎಲ್ಲರೂ ಕೇಕೆ ಹಾಕಿದರು. ಆ ಗದ್ದಲದಲ್ಲಿ ಕೆಲವರಿಗೆ ಹಲ್ಲುನೋವಿತ್ತು ಅನ್ನುವುದೇ ಮರೆತುಹೋಗಿತ್ತು.

ಡಾಕ್ಟ್ರಮ್ಮ ಬೆಳಗಾವಿಯಿಂದ ಬಂದವರು ಚಪ್ಪಲಿ ಬಿಡದೆ ಸೀದಾ ತೊಟ್ಟಿಯ ಹತ್ತಿರ ಹೋದರು. ಕಲ್ಲಿನ ಮೇಲೆ ಹಸಿರು ಪಾಚಿ ಹೇಳಹೆಸರಿಲ್ಲದಂತೆ ಹೋಗಿತ್ತು. ಮುದುಡಿದ್ದ ಹವಳ ಮಲ್ಲಿಗೆ ದಂಡೆಯ ಹಾಗೆ ಬಿಚ್ಚಿಕೊಂಡಿತ್ತು. ಕೇಸರಿ ಮೀನಿನ ಜೋಡಿ ಅದರ ನಡುವೆ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಕರೆಂಟು ಹೋದ ಕತೆ ಎಳೆಯ ಡಾಕ್ಟರ್ ಹೇಳಿದ. ಮಂಗಳೂರಿನವನಿಗೆ ಫೋನು ಮಾಡಿದರೆ, ಅಷ್ಟು ಹೊತ್ತು ಪಂಪು ನಿಂತು ಒಂದು ಮೀನೂ ಸಾಯಲಿಲ್ಲವೇ ಅಂತ ಅವನು ನಂಬಲೇ ಇಲ್ಲ. ಡಾಕ್ಟ್ರಮ್ಮನ ಕಣ್ಣು ತುಂಬಿತು. ಪುಂಡುವಿನ ಬೆನ್ನು ತಟ್ಟಿ ಹೇಳಿದರು. "ಈ ಕೆಲಸ ಇನ್ನು ನಿನಗೇ ಖಾಯಂ. ಈ ತೊಟ್ಟಿ ನನ್ನ ಮಗು ಇದ್ದ ಹಾಗೆ ಪುಂಡು. ಇವತ್ತಿನಿಂದ ನಿನ್ನ ಮಗುವೂ ಹೌದು, ತಿಳ್ಕೊ."

ಪುಂಡು ತಿಳಿದುಕೊಂಡ.

ಮರುದಿನ ಮೀನುಪೇಟೆಯಲ್ಲಿ ಮಾದೇವಿ ಬಂಗಡೆ ಜೋಡಿಸುತ್ತ ಕೂತಿದ್ದಳು. ಮಗನ ಕೆಲಸ ಖಾಯಂ ಆದದ್ದಕ್ಕೆ ಅವಳ ಮುಖ ಹುಣ್ಣಿಮೆ ಆಗಿತ್ತು. ಪಕ್ಕದವಳು ಬಂದು ಬಾಯಿಗೆ ಸಕ್ಕರೆ ಹಾಕಿದಳು. ಎದುರಿನವಳು ಬಂದು ಹಾಕಿದಳು. ಇದು ಎಂತಕ್ಕೆ ಅಂದರೆ, ನಿನ್ನ ಮಗ ಪೇಟೆಗೆಲ್ಲ ಹಂಚುತ್ತಿದ್ದಾನೆ, ಅವನಿಗೆ ಮಗು ಆಗಿದೆಯಂತೆ ಅಂದರು. ಮಾದೇವಿಯ ಕೈಯಿಂದ ತಕ್ಕಡಿ ಬಿತ್ತು. ಯಾರಲ್ಲಿ ಅಂತ ಕೇಳಿದಳು. ಹಲ್ಲಿನ ಡಾಕ್ಟ್ರಮ್ಮನಲ್ಲಿ ಅಂದರು.

ಅವಳು ಓಡಿದ ಓಟಕ್ಕೆ ದಾರಿಯ ನಾಯಿಗಳೂ ಬದಿಗೆ ಸರಿದವು. ದವಾಖಾನೆಗೆ ಹೋಗಿ ನೋಡಿದರೆ, ತೊಟ್ಟಿಯ ಗಾಜಿಗೆ ದೃಷ್ಟಿಯಾಗದಂತೆ ಕಾಡಿಗೆಯ ದೊಡ್ಡ ಬೊಟ್ಟು. ರಿಯಾಕ್ಟರಿನ ಸೊಂಟಕ್ಕೆ ಕರಿಯ ಉಡಿದಾರ. ಡಾಕ್ಟ್ರಮ್ಮ ತಮ್ಮದೇ ರೋಗಿಗಳ ಕುರ್ಚಿಯಲ್ಲಿ ಬಿದ್ದು ನಕ್ಕೂ ನಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅವರ ಬಾಯಲ್ಲೂ ಸಕ್ಕರೆ. ಮಾದೇವಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೋಣೆಯಲ್ಲಿದ್ದವರೆಲ್ಲ ಬೈಗುಳಕ್ಕೆ ಕಾಯ್ದರು. ಅವಳಿಗೆ ಬೈಗುಳ ಬರಲಿಲ್ಲ. ಬಂದದ್ದು ನಗು.

"ಮಗು ಆದ ಮೇಲೆ ಅಜ್ಜಿ ಕೈಗೆ ಮೊದಲು ಕೊಡಬೇಕಲ್ಲವಾ ತಮಾ" ಅಂದಳು.

ಹೌದಲ್ಲ ಅಂದ ಪುಂಡು. ಅಂದವನು ತೋಳು ಮಡಚಿ, ಕಾಲು ಅಗಲಿಸಿ, ಎರಡೂ ಕೈಯಿಂದ ತೊಟ್ಟಿಯನ್ನು ತಬ್ಬಿಕೊಂಡು ಎತ್ತಲು ಬಗ್ಗಿದ. ಕೆನ್ನೆ ಊದಿದವರು, ಹಲ್ಲು ಕೀಳಿಸಿಕೊಂಡವರು, ಬಾಯಲ್ಲಿ ಹತ್ತಿ ಕಚ್ಚಿಕೊಂಡವರು, ಎಲ್ಲರೂ ಬೆಂಚು ಬಿಟ್ಟು ಎದ್ದು ಒಂದೇ ದನಿಯಲ್ಲಿ ಬೇಡ ಬೇಡ ಅಂದರು.